ಡೇರೆಯೂ ಹಟ್ಟಿಯೂ

ಬೇಸಿಗೆಯ ರಜೆಯು ಬಂತೆಂದರೆ ಈಗಿನ ತಂದೆತಾಯಿಗಳಲ್ಲಿ ಅನೇಕರು ಚಿಕ್ಕ ಮಕ್ಕಳನ್ನು ಕರಕೊಂಡು, ಹೊಳೆಯ ದಡದಲ್ಲಾಗಲಿ ಬೆಟ್ಟದ ಬುಡದಲ್ಲಾಗಲಿ ಡೇರೆಯನ್ನು ಹೊಡೆದು ಎರಡು ಮೂರು ರಾತ್ರಿಗಳನ್ನು ಕಳೆದು ಬರುವದುಂಟು. ಇದು ಒಳ್ಳೇದೋ ಎಂದು ಯಾರಾದರೂ ಕೇಳಿದರೆ ಒಳ್ಳೇದೇ ಎಂದು ನಾವು ಹಿಂದೆ ತಡಮಾಡದೆ ಉತ್ತರ ಕೊಡುತ್ತಿದ್ದೆವು. ಮಕ್ಕಳು ಕಷ್ಟವನ್ನು ಕಲಿಯುವರು, ದೀಪವೂ ನಲ್ಲಿಯ ನೀರೂ ಇಲ್ಲದವರ ಪಾಡನ್ನು ಅರಿಯುವರು ಎಂಬದೇ ನಾವು ಹೇಳುತ್ತಿದ್ದ ಕಾರಣ. ಒಳ್ಳೇದೆಂದು ಈಗಲೂ ಹೇಳುವೆವು. ಆ ಕಾರಣವನ್ನು ಮಾತ್ರ ಹೇಳಲಾರೆವು. ಅದು ನಮ್ಮ ಕೈಬಿಟ್ಟದ್ದು ಹೇಗೆಂಬದನ್ನೂ, ಅದರ ಸ್ಥಳದಲ್ಲಿ ಎದ್ದ ಇನ್ನೊಂದು ಪ್ರಶ್ನೆಯನ್ನೂ ಇಲ್ಲಿ ಬರೆಯುತ್ತೇವೆ.

ಮನೆಯಿದ್ದವರು ಸಂತೋಷಕ್ಕಾಗಿ ಡೇರೆಯಲ್ಲಿ ಮಲಗುವದು ಬಹು ಹಳೆಯ ಪದ್ಧತಿಯಲ್ಲ. ಇಂಗ್ಲೆಂಡ್ ದೇಶದಲ್ಲಿ ಇದನ್ನು ಸಾಮಾನ್ಯ ಜನರ ಬಳಕೆಗೆ ತಂದವರಲ್ಲಿ ಥಾಮಸ್ ಹೈರಮ್ ಹೋಲ್ಡಿಂಗ್ ಎಂಬವನು ಮುಖ್ಯನು. ಇವನು ಕಸಬಿನಿಂದ ದರ್ಜಿ. ಬೈಸಿಕಲ್ಲಿಗೆ ಡೇರೆಯನ್ನು ಕಟ್ಟಿಕೊಂಡು ತಿರುಗುವವರ ಸಂಘವನ್ನು 1901ರಲ್ಲಿ ಸ್ಥಾಪಿಸಿದನು. 1908ರಲ್ಲಿ ಡೇರೆಯ ವಾಸದ ಕುರಿತು ಕೈಪಿಡಿಯೊಂದನ್ನು ಪ್ರಕಟಿಸಿದನು. ಬೇಡನ್ ಪೊವೆಲ್ಲನು ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಮಂದಿ ಹುಡುಗರನ್ನು ಕೂಡಿಸಿ ಡೇರೆಗಳಲ್ಲಿ ಇರಿಸಿದ್ದು 1907ರ ಆಗಸ್ಟಿನಲ್ಲಿ. ಆದರೆ ಹೋಲ್ಡಿಂಗನು ಬಯಲಿನ ವಾಸವನ್ನು ಮೊದಲು ಕಂಡದ್ದು ಆಟಕ್ಕಾಗಿ ಅಲ್ಲ. 1853ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ಹೊಸ ನೆಲೆಯನ್ನು ಹುಡುಕಿಕೊಂಡು ಹೊರಟ ಸುಮಾರು 300 ಜನರ ತಂಡದಲ್ಲಿ ತಂದೆತಾಯಿಗಳೊಡನೆ ಅಮೆರಿಕದ ಹುಲ್ಲುಗಾವಲುಗಳನ್ನು ಬಂಡಿಗಳ ಜೊತೆಯಲ್ಲಿ ದಾಟಿದ್ದನು. ಆ ತಂಡದವರು ಬೇಸರವಾದಾಗ ಮನೆಗೆ ಹಿಂತಿರುಗುವ ಹಾಗಿರಲಿಲ್ಲ. ದೊಡ್ಡವರಿಗೆ ಗತಿಯಿಲ್ಲದೆ ಬಂದದ್ದು ಆ ಹುಡುಗನ ನೆನಪಿನಲ್ಲಿ ಸಂತೋಷವಾಗಿ ಉಳಿದು, ಮುಂದೆ ಸಾವಿರಾರು ಜನರ ವಿನೋದವಾಯಿತು. ಇದು ನಗತಕ್ಕ ಮಾತಲ್ಲ, ಹಳಿಯತಕ್ಕದ್ದೂ ಅಲ್ಲ, ಆದರೂ ಮರೆಯತಕ್ಕದ್ದಲ್ಲ.

ಯೆಹೂದ್ಯರ ಪರ್ಣಶಾಲೆಗಳ ಹಬ್ಬವನ್ನು ನಮ್ಮ ವಾಚಕರು ಬಲ್ಲರು. ಪೂರ್ವಿಕರು ಅರಣ್ಯದಲ್ಲಿ ವಾಸಿಸಿದ್ದನ್ನು ಸಂತಾನದವರು ತಿಳಿದಿರಬೇಕೆಂದು ಏಳು ದಿನ ಎಲೆಯ ಮಾಡಿನ ಕೆಳಗೆ ಇರುವದು ಆ ಹಬ್ಬದ ವಿಧಿ. ಮಳೆಯು ಜೋರಾಗಿ ಸುರಿದರೆ ಎದ್ದು ಮನೆಯೊಳಗೆ ಹೋಗಬಹುದೆಂದು ಅವರ ಶಾಸ್ತ್ರಿಗಳು ಬಹು ಕಾಲದ ಹಿಂದೆಯೇ ಅಪ್ಪಣೆ ಕೊಟ್ಟಿದ್ದಾರೆ. ಈ ಅಪ್ಪಣೆಯಲ್ಲಿ ನಮಗೆ ಒಂದು ಪ್ರಾಮಾಣಿಕತೆಯು ಕಾಣುತ್ತದೆ. ಇದು ಜ್ಞಾಪಕ, ಕಷ್ಟವಲ್ಲ ಎಂದು ಅದು ಬಾಯಿಬಿಟ್ಟು ಹೇಳುತ್ತದೆ. ಮಕ್ಕಳನ್ನು ಚಳಿಗೂ ಬಿಸಿಲಿಗೂ ಹಸಿವಿಗೂ ಒಗ್ಗಿಸಿ ಗಟ್ಟಿಮಾಡಬೇಕೆಂದು 1762ರಲ್ಲಿ ಪ್ರಕಟವಾದ ‘ಎಮೀಲ್’ ಎಂಬ ಗ್ರಂಥದಲ್ಲಿ ಬರೆದ ರೂಸೋ ಎಂಬ ಪಂಡಿತನಾದರೋ ತನ್ನ ಸ್ವಂತ ಮಕ್ಕಳನ್ನು ಅನಾಥಾಲಯಕ್ಕೆ ಕೊಟ್ಟುಬಿಟ್ಟಿದ್ದನು. ಮಕ್ಕಳಿಗೆ ಕಷ್ಟವನ್ನು ಕಲಿಸುವೆವೆಂದು ಹೇಳುವ ನಮ್ಮಂಥವರು ಇದನ್ನು ಆಗಾಗ್ಗೆ ನೆನಸಿಕೊಂಡರೆ ಕೆಡುಕೇನೂ ಇಲ್ಲ.

ಕೆಲವು ವರುಷಗಳ ಕೆಳಗೆ, ಏಪ್ರಿಲ್ ತಿಂಗಳ ಕೊನೆಯಲ್ಲಿ, ನಾವು ಧಾರವಾಡದಿಂದ ಸುಮಾರು 40 ಕಿಲೋಮೀಟರು ದೂರದ ಸವದತ್ತಿಯ ಕಡೆಗೆ ಹೋದೆವು. ಮಗಳಿಗೆ ಆಗ ಏಳು ವರುಷ, ಮಗನಿಗೆ ನಾಲ್ಕು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯನ್ನು ನವಿಲುತೀರ್ಥದ ಬಳಿಯಲ್ಲಿ ಅಣೆಕಟ್ಟಿನಿಂದ ತಡೆದಿರುವರಷ್ಟೆ. ಬೇಸಿಗೆಯಲ್ಲಿ ಆ ಜಲಾಶಯದ ನೀರು ಹಿಂದೆ ಸರಿದು ಅಂಚಿನ ಕರೀ ಮಣ್ಣು ಬಿರುಕುಬಿಟ್ಟು ಕಾಣುತ್ತದೆ. ಅದರ ಹತ್ತಿರ ನಮ್ಮ ಬಂಧುಗಳದೊಂದು ಹೊಲವುಂಟು. ಅಲ್ಲಿ ಒಂಟಿಯಾಗಿ ನಿಂತಿದ್ದ ದೊಡ್ಡ ಬೇವಿನ ಮರದ ನೆರಳಿನಲ್ಲಿ ಡೇರೆಯನ್ನು ಹೊಡೆದೆವು. ಮಕ್ಕಳ ಸಂತೋಷವನ್ನು ಬರೆದು ತೀರಿಸಲಾಗದು. ಗೂಟ ಬಡಿಯುವದಕ್ಕೆ ಕಲ್ಲು ತಂದದ್ದೇನು, ಮೂರು ಕಲ್ಲಿನ ಒಲೆಯ ಮುಂದೆ ಹೊಗೆಯಲ್ಲಿ ಕಣ್ಣುಜ್ಜಿಕೊಂಡದ್ದೇನು, ಅರ್ಧ ಬೆಂದ ಅನ್ನವನ್ನು ಮನೆಯಲ್ಲಿ ಎಂದೂ ಉಣ್ಣದಷ್ಟು ಉಂಡದ್ದೇನು! ರಾತ್ರಿ ಮಗನು ನಕ್ಷತ್ರಗಳನ್ನು ಎಣಿಸಲು ಹೋಗಿ ಇಪ್ಪತ್ತರ ಮುಂದೆ ಲೆಕ್ಕ ಬಾರದೆ ಮತ್ತೆ ಒಂದರಿಂದ ಆರಂಭಿಸಿದನು.

ಅದೇ ಹೊಲದ ಇನ್ನೊಂದು ಅಂಚಿನಲ್ಲಿ ಕುರುಬರ ಹಟ್ಟಿಯು ಇಳಿದಿತ್ತು. ಬೆಳೆ ಕೊಯ್ದ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಹಿಕ್ಕೆಯಿಂದಲೂ ಗಂಜಳದಿಂದಲೂ ನೆಲಕ್ಕೆ ಗೊಬ್ಬರವಾಗುತ್ತದೆ. ಅದಕ್ಕಾಗಿ ಹೊಲದವರು ಹಿಂದಿನ ಕಾಲದಲ್ಲಿ ಕಾಳನ್ನೂ ಈಗ ಹೆಚ್ಚಾಗಿ ಹಣವನ್ನೂ ಕೊಡುತ್ತಾರೆ. ಹೀಗೆ ಹೊಲದಿಂದ ಹೊಲಕ್ಕೆ ನಡೆಯುತ್ತಾ ಈ ಜನರು ವರುಷದ ಬಹುಪಾಲನ್ನು ಬಯಲಿನಲ್ಲಿಯೇ ಕಳೆಯುವರು. ಪಾತ್ರೆಪಡಗ, ಹಾಸಿಗೆ, ನಡೆಯಲಾರದ ಮರಿ, ಕೈಕೂಸು, ಇವೆಲ್ಲಾ ಕುದುರೆಯ ಬೆನ್ನಿನ ಮೇಲೆ. ಹಟ್ಟಿಯಲ್ಲಿ ಸುಮಾರು 200 ಕುರಿಗಳೂ ಎರಡು ಕುದುರೆಗಳೂ ಒಬ್ಬ ಮುದುಕನೂ ಅವನ ಮಗನೂ ಸೊಸೆಯೂ ನಮ್ಮ ಮಕ್ಕಳ ಪ್ರಾಯದ ಇಬ್ಬರು ಮಕ್ಕಳೂ ಇದ್ದರು. ನಾಲ್ಕು ಕೋಲುಗಳ ಮೇಲೆ ಹೊದಿಸಿದ ಒಂದು ತಾಡಪತ್ರಿಯೇ ಅವರ ಮನೆ. ಅದರಲ್ಲಿಯೂ ಅರ್ಧ ಸ್ಥಳವು ಆ ವಾರದಲ್ಲಿ ಹುಟ್ಟಿದ ನಾಲ್ಕು ಮರಿಗಳದು.

ಮರುದಿನ ಬೆಳಿಗ್ಗೆ ನಮ್ಮ ಮಗನು ಆ ತಾಡಪತ್ರಿಯನ್ನು ನೋಡಿ, “ಇವರಿಗೂ ಸೂಟಿ ಬಿಟ್ಟಾರೇನು?” ಎಂದು ಕೇಳಿದನು. ನಾವಿಬ್ಬರೂ ಸುಮ್ಮನಾದೆವು. ಕಷ್ಟವನ್ನು ಕಲಿಸುವದಕ್ಕೆ ಕರಕೊಂಡು ಬಂದ ಮಗುವು, ಕಷ್ಟವನ್ನು ಎದುರಿಗೇ ಕಂಡಾಗ ಅದನ್ನು ರಜೆಯೆಂದು ತಿಳುಕೊಂಡಿತು! ತಪ್ಪು ಮಗುವಿನದಲ್ಲ. ನಾವು ಕಲಿಸಿದ್ದೇ ಅದು. ಮುಗಿಯುವ ದಿನವನ್ನು ಮೊದಲೇ ಗೊತ್ತುಮಾಡಿಕೊಂಡು ಹೊರಟ ಕಷ್ಟವು ಕಷ್ಟದ ಹೆಸರನ್ನು ಹೊತ್ತ ಆಟ. ಆಟವಾಗಿ ಅದು ಬಹು ಒಳ್ಳೇದು, ಪಾಠವೆಂದು ಹೇಳಿದರೆ ಸುಳ್ಳು. ಅಲ್ಲಿಗೆ ನಮ್ಮ ಹಳೆಯ ಕಾರಣವು ಹೋಯಿತು.

ಇಷ್ಟೇ ಆಗಿದ್ದರೆ ಈ ಲೇಖನವನ್ನು ಬರೆಯುತ್ತಿರಲಿಲ್ಲ. ಅದೇ ಸಂಜೆ ಮುದುಕನು ನಮ್ಮ ಬಳಿಗೆ ಬಂದು, “ಸಾಹೇಬ್ರ, ಒಂಟಿ ಗಿಡದ ಬುಡಕ ಇರಬ್ಯಾಡ್ರಿ. ಅಡ್ಡಮಳಿ ಬಂದರ ಸಿಡ್ಲು ಇಂಥಲ್ಲೇ ಬಡೀತೈತಿ. ಕೂಸುಗೋಳು ಅದಾವು” ಎಂದು ಹೇಳಿದನು. ಅವನು ಹೇಳಿದ್ದು ಸರಿಯೆಂದು ನಮಗೂ ಗೊತ್ತಿತ್ತು. ಶಾಲೆಯ ಪುಸ್ತಕದಲ್ಲಿಯೇ ಅದನ್ನು ಓದಿದ್ದೆವು. ಆದರೆ ಆಕಾಶವು ಸ್ವಚ್ಛವಾಗಿತ್ತು, ಗೂಟಗಳನ್ನು ಪುನಃ ಕಿತ್ತು ಬಡಿಯುವದು ಬೇಸರ, ಹಗಲಿನಲ್ಲಿ ನೆರಳು ಬೇಕು. ನಾಳೆ ನೋಡೋಣ ಎಂದೆವು.

ಭರಣಿ ಮಳೆಯು ನಾಳೆಯ ತನಕ ಕಾಯಲಿಲ್ಲ. ನಡುರಾತ್ರಿಯ ಹೊತ್ತಿಗೆ ಮೊದಲು ಧೂಳಿನ ಗಾಳಿಯೂ ಅದರ ಹಿಂದೆ ಮಿಂಚೂ ಆಲಿಕಲ್ಲೂ ಬಂದವು. ಮಕ್ಕಳನ್ನು ಎತ್ತಿಕೊಂಡು ಹೊರಗೆ ಬರುವಷ್ಟರಲ್ಲಿ ಬೇವಿನ ಕೊಂಬೆಯೊಂದು ಮುರಿದು ಡೇರೆಯ ಮೇಲೆ ಬಿತ್ತು. ಬಟ್ಟೆಯು ಉದ್ದಕ್ಕೆ ಹರಿಯಿತು. ನಾವು ಕೂಗುವ ಮೊದಲೇ ಕುರುಬನ ಮಗನು ಕಂಬಳಿಯ ಕೊಪ್ಪೆಯನ್ನು ಹಾಕಿಕೊಂಡು ಓಡಿಬಂದು ಮಗಳನ್ನು ಹೆಗಲಿಗೆ ಹಾಕಿಕೊಂಡನು. ತಾಡಪತ್ರಿಯ ಕೆಳಗೆ ಸೊಸೆಯು ಒಂದು ಮಾತನ್ನೂ ಆಡದೆ ಮರಿಗಳನ್ನು ಎತ್ತಿ ಹೊರಗಿನ ಬಲೆಯೊಳಗೆ ಬಿಟ್ಟು, ಅವುಗಳ ಮೇಲೆ ಗೋಣಿಚೀಲಗಳನ್ನು ಹಾಕಿ, ಆ ಸ್ಥಳದಲ್ಲಿ ಕಂಬಳಿಯನ್ನು ಹಾಸಿ, “ಬಾರವ್ವಾ” ಎಂದು ನಮ್ಮ ಮಗಳನ್ನು ಮಲಗಿಸಿದಳು. ಹುಣಸೆ ಬೀಜದ ಗಂಜಿ ಕುಡಿಸಿದ ಆ ಕರೀ ಕಂಬಳಿಯು ಚುಚ್ಚುತ್ತದೆಂದು ಸ್ವಲ್ಪ ಅತ್ತು, ಬಳಿಕ ಇಬ್ಬರು ಮಕ್ಕಳೂ ನಿದ್ದೆಹೋದರು. ದೊಡ್ಡವರು ತಾಡಪತ್ರಿಯ ಅಂಚುಗಳನ್ನು ಹಿಡುಕೊಂಡು ಕೂತೆವು.

ಬೆಳಗಾದಾಗ ನಾಲ್ಕು ಮರಿಗಳಲ್ಲಿ ಒಂದು ಸತ್ತಿತ್ತು.

ಎಳೇ ಮರಿಯ ಮೈಯಲ್ಲಿ ಕೊಬ್ಬು ಕಡಿಮೆ. ತೋಯ್ದು ಗಾಳಿಗೆ ಸಿಕ್ಕಿದರೆ ಅದರ ಕಾವು ಬೇಗನೆ ಇಳಿದುಹೋಗುತ್ತದೆ. ಹಾಗಾದರೂ ಇದು ಚಳಿಯಿಂದಲೇ ಸತ್ತಿತೋ ಬೇರೆ ಏನಾದರೂ ಇತ್ತೋ ಯಾರು ಹೇಳಲಾಪರು? ನಾವು ಹಣವನ್ನು ತೆಗೆದಾಗ ಮುದುಕನು, “ಕುರಿ ಸಾಯೂದು ನಮಗೇನು ಹೊಸಾದಲ್ರಿ” ಎಂದು ಕೈಯಾಡಿಸಿದನು. ಸ್ವಲ್ಪ ಹೊತ್ತಿನ ಮೇಲೆ, “ಆ ಹರಿದ ಡೇರೆ ನಿಮಗ ಬ್ಯಾಡಾದರ ಕೊಡ್ರಿ, ಮರಿಗೋಳಿಗೆ ಆಗ್ತೈತಿ” ಎಂದು ಕೇಳಿದನು. ಅದನ್ನು ಕೊಟ್ಟೆವು. ಸಮಾಧಾನವಾಯಿತೆಂದು ಹೇಳಲಾರೆವು.

ಮಗಳು ಸತ್ತ ಮರಿಯನ್ನು ಬಹಳ ಹೊತ್ತು ನೋಡಿ, “ರಾತ್ರಿ ನಾ ಮಲಗಿದ್ದ ಜಾಗಾ ಇದರದೇನು?” ಎಂದು ಕೇಳಿದಳು. ನಾವು ಒಡನೆಯೇ, “ಅಲ್ಲ, ಅದಕ್ಕ ಮೊದಲs ಜಡ್ಡಾಗಿತ್ತು” ಎಂದು ಉತ್ತರ ಕೊಟ್ಟೆವು. ಅದು ಸುಳ್ಳೆಂದು ಬಲ್ಲ ಕುರುಬಿತಿಯು ನಮ್ಮ ಮುಖವನ್ನು ಒಂದು ಸಾರಿ ನೋಡಿ, ಒಲೆಯ ಕಡೆಗೆ ತಿರುಗಿಕೊಂಡಳು.

ಚಿಕ್ಕ ಮಕ್ಕಳಿಗೆ ಅವರ ಸುಖದ ಬೆಲೆಯನ್ನು ಹೇಳಬೇಕೋ ಹೇಳಬಾರದೋ? ಮಕ್ಕಳ ತಾಯಿಗೂ ನಮಗೂ ಇದರ ವಿಷಯವಾಗಿ ಮನೆಗೆ ಬಂದ ಮೇಲೆ ಅನೇಕ ದಿನ ವಾದ ನಡೆಯಿತು. ಏಳು ವರುಷದ ಹುಡುಗಿಯ ತಲೆಯ ಮೇಲೆ ಒಂದು ಪ್ರಾಣದ ಭಾರವನ್ನು ಹೊರಿಸುವದು ಕ್ರೂರತ್ವವೆಂದು ನಾವು ಹೇಳಿದೆವು. ಹೀಗೆ ಹೇಳುವವರು ಲೋಕದಲ್ಲಿ ಬಹು ಮಂದಿ. ಅವರ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ನಾವು ಉಡುವ ಬಟ್ಟೆ, ತಿನ್ನುವ ಸಕ್ಕರೆ, ವಾಸಿಸುವ ಮನೆಯ ಇಟ್ಟಿಗೆ, ಇವುಗಳ ಹಿಂದೆ ಯಾರ ಯಾರ ಬೆನ್ನು ಬಾಗಿದೆಯೆಂದು ಪ್ರತಿ ತುತ್ತಿಗೂ ಹೇಳುತ್ತಾ ಕೂತರೆ ಯಾವ ಮಗುವು ಉಂಡೀತು?

ಮಕ್ಕಳ ತಾಯಿಯ ಉತ್ತರವು ಬೇರೆ. ಋಣವೂ ಅಪರಾಧವೂ ಒಂದೇ ಅಲ್ಲವೆಂದು ಆಕೆಯ ವಾದ. ಮಗಳು ಏನೂ ತಪ್ಪು ಮಾಡಲಿಲ್ಲ, ಮಲಗಿಸಿದಲ್ಲಿ ಮಲಗಿದಳು. ಆದಕಾರಣ ಅವಳಿಗೆ ಅಪರಾಧವಿಲ್ಲ. ಋಣವುಂಟು, ಅದನ್ನು ತಿಳಿಸಿದರೆ ಮಗುವು ಕುಗ್ಗುವದಿಲ್ಲ, ತನಗಾಗಿ ಒಬ್ಬರು ಏನನ್ನು ಬಿಟ್ಟರೆಂದು ತಿಳಿಯದಿದ್ದರೆ ಅವರನ್ನು ಪ್ರೀತಿಸುವದಕ್ಕೂ ಅದಕ್ಕೆ ದಾರಿಯಿರುವದಿಲ್ಲ. ಅಪರಾಧವು ಇದ್ದದ್ದು, ನಾಳೆ ನೋಡೋಣ ಎಂದವರ ಪಾಲಿಗೆ. “ನೀವು ಮುಚ್ಚಿದ್ದು ಮಗಳ ಭಾರವನ್ನೋ, ನಿಮ್ಮದನ್ನೋ?” ಎಂದು ಆಕೆಯು ಕೇಳಿದಾಗ ನಮಗೆ ಸಿಟ್ಟು ಬಂತು. ಸಿಟ್ಟು ಬಂದದ್ದರಿಂದಲೇ ಮಾತು ನಿಜವೆಂದು ತಿಳಿಯಿತು.

ಆ ಮಾತನ್ನು ನಾವು ಅಲ್ಲಿಂದೀಚೆಗೆ ಹಲವು ಬಗೆಯಲ್ಲಿ ತೂಗಿ ನೋಡಿದ್ದೇವೆ. ಎಲ್ಲಾ ಪ್ರಾಯಕ್ಕೂ ಎಲ್ಲಾ ಸತ್ಯವೂ ಸಲ್ಲುತ್ತದೆಂದು ನಾವು ಒಪ್ಪುವದಿಲ್ಲ. ನಾಲ್ಕು ವರುಷದ ಮಗನು ಕೇಳಲಿಲ್ಲ, ನಾವೂ ಹೇಳಲಿಲ್ಲ, ಅದರಲ್ಲಿ ಮೋಸವಿಲ್ಲ. ಆದರೆ ಕೇಳುವ ಮಗುವು ಆಗಲೇ ಅರ್ಧವನ್ನು ಕಂಡಿರುತ್ತದೆ. ಅದಕ್ಕೆ ಸುಳ್ಳು ಹೇಳಿದರೆ ಅದರ ಕಣ್ಣನ್ನು ಅದೇ ನಂಬದ ಹಾಗೆ ಮಾಡಿದಂತಾಯಿತು. ಮನೆಯ ಗೋಡೆಗಳ ನಡುವೆ ಇಂಥ ಪ್ರಶ್ನೆಗಳು ಹುಟ್ಟುವದೇ ಅಪರೂಪ. ನಮಗಾಗಿ ಜಾಗ ಬಿಟ್ಟವರು ಯಾರೂ ಅಲ್ಲಿ ಕಣ್ಣಿಗೆ ಬೀಳರು. ಡೇರೆಯ ಬಟ್ಟೆಯು ತೆಳ್ಳಗಿರುತ್ತದೆ. ಮಕ್ಕಳನ್ನು ಅಲ್ಲಿಗೆ ಕರಕೊಂಡು ಹೋಗುವದಕ್ಕೆ ಈಗ ನಮಗಿರುವ ಕಾರಣವು ಇದೊಂದೇ.

ಜೂನ್ ತಿಂಗಳಲ್ಲಿ ಶಾಲೆಯು ತೆರೆಯುವ ಹಿಂದಿನ ರಾತ್ರಿ ಮಗಳನ್ನು ಹತ್ತಿರ ಕೂಡ್ರಿಸಿಕೊಂಡು ನಡೆದದ್ದನ್ನು ಹೇಳಿದೆವು. ಮುದುಕನು ಎಚ್ಚರಿಸಿದ್ದು, ನಾವು ಕೇಳದೆ ಹೋದದ್ದು, ಮರಿಗಳನ್ನು ಹೊರಗೆ ಬಿಟ್ಟದ್ದು, ಬೆಳಿಗ್ಗೆ ನಾವು ಹೇಳಿದ್ದು ನಿಜವಲ್ಲವೆಂಬದು, ಎಲ್ಲವನ್ನೂ ಹೇಳಿದೆವು. ಅವಳು ಅತ್ತಾಳೆಂದು ಹೆದರಿದ್ದೆವು. ಅವಳು ಅಳಲಿಲ್ಲ. ಬಹಳ ಹೊತ್ತು ಯೋಚಿಸಿದಳು.

“ಆಗs ಹೇಳಿದ್ರ, ಅದನ್ನ ಒಳಗ ತರೂಣು ಅಂತಿದ್ದೆ. ಎಷ್ಟ ಸಣ್ಣದಿತ್ತು ಅದು. ನನ್ನ ಕಂಬಳಿ ಒಳಗ ಹಿಡಸ್ತಿತ್ತು.”

ನಾಲ್ಕು ಮರಿಗಳನ್ನೂ ಹಿಡಿಯುತ್ತಿದ್ದವೇನೋ. ಆ ರಾತ್ರಿ ತಾಡಪತ್ರಿಯ ಕೆಳಗೆ ಕೂತಿದ್ದ ನಾವಿಬ್ಬರೂ ದೊಡ್ಡವರು. ನಮ್ಮ ಮಡಿಲುಗಳು ಬರಿದಾಗಿದ್ದವು.