ಹನುಮಂತನ ಧೈರ್ಯದ ಮೂಲ

ಕೈಮೀರಿದ ಕೆಲಸ ಎದುರಾದಾಗ ದೈವಶ್ರದ್ಧೆ ಮನುಷ್ಯನಿಗೆ ಎಂಥ ಧೈರ್ಯ ಕೊಡುತ್ತದೆ ಎಂಬ ಪ್ರಶ್ನೆಯನ್ನು ವಾಲ್ಮೀಕಿ ರಾಮಾಯಣ ಹಂತಹಂತವಾಗಿ ಬಿಡಿಸಿ ತೋರಿಸುತ್ತದೆ. ವಾಸಿಯಾಗದ ಕಾಯಿಲೆ, ಮುಗಿಯದ ಕೋರ್ಟು ವ್ಯಾಜ್ಯ, ಕೂಡಿಬರದ ಮದುವೆ ಎಂದು ಕಂಗೆಟ್ಟ ಮನೆಗಳಲ್ಲಿ ಇಂದಿಗೂ ಸುಂದರಕಾಂಡದ 68 ಸರ್ಗಗಳ ಪಾರಾಯಣ ನಡೆಯುತ್ತದೆ. ಆದರೆ ಆ ಧೈರ್ಯದ ಕಥೆ ಶುರುವಾಗುವುದು ಅದಕ್ಕೂ ಮುಂಚೆ, ಕಿಷ್ಕಿಂಧಾಕಾಂಡದ ಕೊನೆಯಲ್ಲಿ, ಕಪಿಗಳೆಲ್ಲ ಎದೆಗುಂದಿ ಕುಳಿತ ಕಡಲದಂಡೆಯಲ್ಲಿ.

ಸೀತೆಯನ್ನು ಹುಡುಕಲು ಕಪಿರಾಜ ಸುಗ್ರೀವ ಕೊಟ್ಟ ಒಂದು ತಿಂಗಳ ಗಡುವು ಮುಗಿದುಹೋಗಿತ್ತು. ಬರಿಗೈಯಲ್ಲಿ ಹಿಂದಿರುಗಿದರೆ ತಲೆ ಉಳಿಯದೆಂದು ಅಂಗದ ಉಪವಾಸವಿದ್ದು ಪ್ರಾಣ ಬಿಡಲು ಸಿದ್ಧನಾಗಿದ್ದ. ಸೀತೆ ಲಂಕೆಯಲ್ಲಿರುವುದು ಮುದಿ ಹದ್ದು ಸಂಪಾತಿಯಿಂದ ತಿಳಿದದ್ದೇನೋ ಆಯಿತು, ಆದರೆ ನಡುವೆ 100 ಯೋಜನ ನೀರು. ಆಗ ಒಬ್ಬೊಬ್ಬರೂ ತಂತಮ್ಮ ಅಳತೆ ಹೇಳುತ್ತಾರೆ. ಗಜ 10 ಯೋಜನ ಹಾರಬಲ್ಲ, ಗವಾಕ್ಷ 20. ಹೀಗೆ ಏರುತ್ತ ಹೋಗಿ ಸುಷೇಣ 80ಕ್ಕೆ, ಮುದಿ ಜಾಂಬವಂತ 90ಕ್ಕೆ ನಿಲ್ಲುತ್ತಾರೆ. ಅಂಗದ 100 ಯೋಜನವನ್ನೂ ಹಾರಿಯಾನು, ಮರಳಿ ಬರುವ ಭರವಸೆ ಅವನಿಗಿಲ್ಲ. ಇವರಲ್ಲಿ ಯಾರೂ ಹೇಡಿಗಳಲ್ಲ, ಯಾರ ಲೆಕ್ಕವೂ ಸುಳ್ಳಲ್ಲ. ಆ ಪ್ರಾಮಾಣಿಕ ಲೆಕ್ಕವೇ ಅವರನ್ನು ದಡದಲ್ಲಿ ಕಟ್ಟಿಹಾಕುತ್ತದೆ. ದೊಡ್ಡ ಕೆಲಸದ ಮುಂದೆ ನಿಂತವರ ಅಧೀರತೆಯನ್ನು ಇಷ್ಟು ಸಹಾನುಭೂತಿಯಿಂದ ಕಂಡ ಪ್ರಸಂಗ ಬೇರೆ ಸಿಗುವುದು ಕಷ್ಟ.

ಹನುಮಂತ ಈ ಲೆಕ್ಕಕ್ಕೆ ಸೇರದೆ ಒಂದು ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದಾನೆ. ಋಷಿಗಳ ಶಾಪದಿಂದ ತನ್ನ ಬಲ ಅವನಿಗೇ ಮರೆತುಹೋಗಿತ್ತೆಂಬ ಕಾರಣ ಉತ್ತರಕಾಂಡದಲ್ಲಿ ಬರುತ್ತದೆ. ಅವನನ್ನು ಎಬ್ಬಿಸುವುದು ಜಾಂಬವಂತ. ನೀನು ವಾಯುವಿನ ಮಗ, ಕೂಸಾಗಿದ್ದಾಗಲೇ ಸೂರ್ಯನನ್ನು ಹಣ್ಣೆಂದು ನೆಗೆದವನು, ಇಂದ್ರನ ವಜ್ರದೇಟಿಗೆ ದವಡೆ ಮುರಿದರೂ ದೇವತೆಗಳಿಂದ ವರ ಪಡೆದವನು ಎಂದು ಅವನ ಕಥೆಯನ್ನು ಅವನಿಗೇ ಹೇಳುತ್ತಾನೆ. ಶ್ರದ್ಧೆ ಒಬ್ಬನೇ ಕೂತು ಧ್ಯಾನಿಸಿದಾಗ ಮಾತ್ರ ಹುಟ್ಟುತ್ತದೆ ಎಂದು ಭಾವಿಸುವವರು ಈ ಜಾಗದಲ್ಲಿ ನಿಂತು ನೋಡಬೇಕು. ತಾನು ಹಾರಲಾರದ ಮುದುಕನೊಬ್ಬನ ಬಾಯಿಂದ ಅದು ಹನುಮಂತನಿಗೆ ದಾಟಿ ಬರುತ್ತದೆ.

ನೆಗೆಯುವ ಮೊದಲು ಮಹೇಂದ್ರಪರ್ವತದ ಮೇಲೆ ಅವನು ಸೂರ್ಯನಿಗೆ, ಇಂದ್ರನಿಗೆ, ಬ್ರಹ್ಮನಿಗೆ ಕೈಮುಗಿಯುತ್ತಾನೆ. ಪೂರ್ವಕ್ಕೆ ತಿರುಗಿ ತಂದೆ ವಾಯುವಿಗೆ ವಂದಿಸುತ್ತಾನೆ. ರಾಮ ಬಿಟ್ಟ ಬಾಣದ ಹಾಗೆ ಹೋಗುತ್ತೇನೆ ಎಂದು ಸಂಗಡಿಗರಿಗೆ ಹೇಳುತ್ತಾನೆ. ಶ್ರದ್ಧೆಯ ಧೈರ್ಯದ ತಿರುಳೆಲ್ಲ ಈ ಹೋಲಿಕೆಯಲ್ಲಿದೆ. ಬಾಣ ತನ್ನ ಬಲವೆಷ್ಟೆಂದು ಲೆಕ್ಕ ಹಾಕುವುದಿಲ್ಲ. ಗುರಿ ಹಿಡಿದವನು, ಹೆದೆ ಎಳೆದವನು ಬೇರೆ. ಕೆಲಸದ ಒಡೆತನವನ್ನು ಒಡೆಯನಿಗೆ ಬಿಟ್ಟವನಿಗೆ ದಡದ ಲೆಕ್ಕದಿಂದ ಬಿಡುಗಡೆ. ಆದರೆ ದುಡಿಮೆಯಿಂದ ಬಿಡುಗಡೆಯಿಲ್ಲ. ಕಡಲಿನಿಂದೆದ್ದ ಮೈನಾಕ ಪರ್ವತ ವಿಶ್ರಮಿಸಿಕೊಳ್ಳೆಂದಾಗ ಅವನು ಅದನ್ನು ಕೈಯಿಂದ ಮುಟ್ಟಿ ಮುಂದೆ ಸಾಗಬೇಕು, ದಾರಿಗಡ್ಡ ಬಂದ ನಾಗಮಾತೆ ಸುರಸೆಯನ್ನು ಜಾಣತನದಿಂದ ಗೆಲ್ಲಬೇಕು, ರಾಕ್ಷಸಿ ಸಿಂಹಿಕೆಯನ್ನು ಸೀಳಬೇಕು.

ಇಷ್ಟಾದ ಮೇಲೂ ಶ್ರದ್ಧೆ ಭಯವನ್ನು ಒಂದೇ ಸಲಕ್ಕೆ ಅಳಿಸಿಹಾಕುವುದಿಲ್ಲ ಎಂಬುದನ್ನು ವಾಲ್ಮೀಕಿ ಮುಚ್ಚಿಡುವುದಿಲ್ಲ. ಸುಂದರಕಾಂಡದ 12 ಮತ್ತು 13ನೆಯ ಸರ್ಗಗಳನ್ನು ಪಾರಾಯಣ ಮಾಡುವವರು ನಿಧಾನವಾಗಿ ಓದಬೇಕು. ರಾವಣನ ಅಂತಃಪುರವನ್ನೆಲ್ಲ ಜಾಲಾಡಿದರೂ ಸೀತೆ ಸಿಕ್ಕಿಲ್ಲ. ಸಮುದ್ರ ದಾಟಿದ ವೀರ ಕುಸಿದುಹೋಗುತ್ತಾನೆ. ಈ ಸುದ್ದಿ ಕೇಳಿದರೆ ರಾಮ ಉಳಿಯಲಾರ, ಅವನ ಹಿಂದೆ ಲಕ್ಷ್ಮಣ, ಆಮೇಲೆ ಭರತ ಶತ್ರುಘ್ನರು, ತಾಯಂದಿರು, ಸುಗ್ರೀವ ಎಂದು ಸಾವಿನ ಸರಪಳಿಯನ್ನೇ ಎಣಿಸುತ್ತಾನೆ. ಹಿಂದಿರುಗದೆ ವಾನಪ್ರಸ್ಥನಾಗಿಬಿಡಲೇ, ಬೆಂಕಿಗೆ ಬೀಳಲೇ ಎಂದು ಹೊಯ್ದಾಡುತ್ತಾನೆ. ಸೋಲಿನ ಹೊಸ್ತಿಲಲ್ಲಿ ನಿಂತ ಯಾವ ಮನಸ್ಸಾದರೂ ಹೀಗೆಯೇ ಓಡುತ್ತದೆ. ಬದುಕಿದ್ದರೆ ಒಳ್ಳೆಯದು ಕಂಡೇವು ಎಂಬ ಯೋಚನೆ ಅವನನ್ನು ಮೊದಲು ಹಿಡಿದು ನಿಲ್ಲಿಸುತ್ತದೆ. ಇನ್ನೂ ಹುಡುಕದೆ ಉಳಿದದ್ದು ಅಶೋಕವನ ಒಂದೇ ಎಂದು ಹೊಳೆಯುತ್ತದೆ. ಆಗ ರಾಮಲಕ್ಷ್ಮಣರಿಗೆ, ಇನ್ನೂ ಕಾಣದ ಸೀತೆಗೆ, ರುದ್ರ, ಇಂದ್ರ, ಯಮ, ವಾಯುಗಳಿಗೆ ನಮಸ್ಕರಿಸಿ ಅತ್ತ ಹೊರಡುತ್ತಾನೆ. ಪ್ರಾರ್ಥನೆಯೂ ಬಾಕಿ ಉಳಿದ ಕೆಲಸವೂ ಇಲ್ಲಿ ಒಟ್ಟೊಟ್ಟಿಗೇ ಬರುತ್ತವೆ. ಗೆಲುವಿನ ಯಾವ ಸೂಚನೆಯೂ ಇಲ್ಲದ ಈ ನಮಸ್ಕಾರ ಸಮುದ್ರಲಂಘನಕ್ಕಿಂತ ದೊಡ್ಡ ಸಾಹಸ.

ಧೈರ್ಯ ರಾವಣನಿಗೂ ಕಡಿಮೆಯಿರಲಿಲ್ಲ. ಅವನದೂ ತಪಸ್ಸಿನಿಂದ, ವರದಿಂದ ಬಂದದ್ದೇ. ವ್ಯತ್ಯಾಸವಿರುವುದು ಪಡೆದದ್ದನ್ನು ತನ್ನದೆಂದುಕೊಳ್ಳುವುದರಲ್ಲಿ. ಅಶೋಕವನದ ತೋರಣದ್ವಾರದಲ್ಲಿ ಹನುಮಂತ ಮೊದಲು ರಾಮ, ಲಕ್ಷ್ಮಣ, ಸುಗ್ರೀವರ ಜಯ ಸಾರುತ್ತಾನೆ, ತಾನು ಕೋಸಲೇಂದ್ರನ ದಾಸನೆನ್ನುತ್ತಾನೆ. ಸಾವಿರ ರಾವಣರೂ ತನಗೆ ಸಾಟಿಯಲ್ಲ ಎಂಬ ಮಾತು ಬರುವುದು ಅದಾದ ಮೇಲೆ. ಸೀತೆಯ ಎದುರಿಗಂತೂ, ಸುಗ್ರೀವನ ಬಳಿ ತನಗಿಂತ ಕೆಳಗಿನವರು ಯಾರೂ ಇಲ್ಲ ಎಂದುಬಿಡುತ್ತಾನೆ.

ಹನುಮಂತ ದೇವಾಂಶದವನು, ಸಾಮಾನ್ಯನಿಗೆ ಅವನ ಉದಾಹರಣೆ ಹೇಗೆ ಹೊಂದೀತು ಎಂಬ ಆಕ್ಷೇಪ ನ್ಯಾಯವಾದದ್ದೇ. ಹನುಮಂತನನ್ನು ವಾಯುವಿನ ಮೊದಲ ಅವತಾರವೆಂದು ಪೂಜಿಸುವ ಮಾಧ್ವಮತದ ವಿಚಾರ ಇಲ್ಲಿ ನೆರವಿಗೆ ಬರುತ್ತದೆ. ಆ ಸಿದ್ಧಾಂತದಲ್ಲಿ ಸ್ವತಂತ್ರನು ಹರಿಯೊಬ್ಬನೇ. ವಾಯುವೂ ಪರತಂತ್ರ, ಬಡ ಜೀವನೂ ಪರತಂತ್ರ. ಯೋಗ್ಯತೆಯಲ್ಲಿ ತಾರತಮ್ಯವಿದೆ, ಆಶ್ರಯದ ಅಗತ್ಯದಲ್ಲಿ ಇಲ್ಲ. ಆದ್ದರಿಂದ ಶ್ರದ್ಧೆ ಗಜನನ್ನು 100 ಯೋಜನ ಹಾರಿಸುವುದಿಲ್ಲ, ಅವನ ಪಾಲಿನ ಕೆಲಸದಲ್ಲಿ ಅವನನ್ನು ನಿಲ್ಲಿಸುತ್ತದೆ. ಹಾರಲಾಗದ ಆ ಕಪಿಗಳು ಹನುಮಂತನನ್ನು ಬೀಳ್ಕೊಡುವಾಗ ಕೊಟ್ಟ ಮಾತು ಅಂಥದ್ದೇ: ನೀನು ಬರುವ ತನಕ ಒಂಟಿಕಾಲಿನಲ್ಲಿ ನಿಂತು ಕಾಯುತ್ತೇವೆ ಎಂದು.