ಓಡುವ ಡ್ರಮ್, ನಡೆಯುವ ಬೇಸ್

ಡ್ರಮ್ ಅಂಡ್ ಬೇಸ್ ಎಂಬ ಸಂಗೀತವನ್ನು ಈಗಷ್ಟೇ ಕೇಳಲು ಶುರು ಮಾಡಿದವರಿಗೆ ನನ್ನದೊಂದು ಸಲಹೆ ಇದೆ. ಡ್ರಮ್ಮಿನ ಹಿಂದೆ ಓಡಬೇಡಿ, ಬೇಸಿನ ಜೊತೆ ನಡೆಯಿರಿ. ಡ್ರಮ್ಮು ನಿಮಿಷಕ್ಕೆ 170ರಿಂದ 175 ಬಡಿತದ ವೇಗದಲ್ಲಿ ಹೋಗುತ್ತಿರುತ್ತದೆ. ಅದನ್ನು ಬೆನ್ನಟ್ಟಿದ ಕಿವಿ ಬೇಗ ಸುಸ್ತಾಗುತ್ತದೆ. "ಇದೇನಪ್ಪಾ, ಬರೀ ಗಲಾಟೆ" ಎಂದು ಮಧ್ಯದಲ್ಲೇ ನಿಲ್ಲಿಸಿಬಿಡುವವರು ಬಹುಪಾಲು ಹೀಗೆ ಸುಸ್ತಾದವರು. ಅದೇ ಹಾಡಿನ ತಳದಲ್ಲಿ ಬೇಸ್ ಆ ವೇಗದ ಅರ್ಧಕ್ಕೆ, ನಿಮಿಷಕ್ಕೆ 85ರ ಆಸುಪಾಸಿನಲ್ಲಿ, ಯಾವ ಅವಸರವೂ ಇಲ್ಲದೆ ಹೆಜ್ಜೆ ಹಾಕುತ್ತಿರುತ್ತದೆ. ನಮ್ಮ ಎದೆಬಡಿತಕ್ಕಿಂತ ತುಸುವೇ ಚುರುಕಾದ ನಡಿಗೆ ಅದು. ತಲೆಯನ್ನು ಆ ನಿಧಾನದ ಲೆಕ್ಕಕ್ಕೆ ಆಡಿಸಿ. ಮೇಲಿನ ಡ್ರಮ್ಮಿನ ಒಂದೊಂದು ಪೆಟ್ಟೂ ಬೇರೆ ಬೇರೆಯಾಗಿ ಕೇಳತೊಡಗುತ್ತದೆ.

ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಸಂಗೀತಕ್ಕೂ ಜೂಜುವಾಡಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ನಮ್ಮದು ಹೊಸೂರಿನ ಬಾಗಿಲಲ್ಲಿರುವ ಊರು. ಗಡಿ ದಾಟಿದರೆ ಅತ್ತಿಬೆಲೆ. ಪಕ್ಕದಲ್ಲೇ ಹೆದ್ದಾರಿ 44, ಇತ್ತ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಓಡಾಡುತ್ತವೆ. ಬೆಳಗಿನ ಶಿಫ್ಟಿಗೆ ಕಂಪನಿ ಬಸ್ಸು ಕಾಯುವ ಹುಡುಗ ಹುಡುಗಿಯರ ಕಿವಿಯಲ್ಲಿ ಇಯರ್‌ಫೋನು ಇದ್ದೇ ಇರುತ್ತದೆ. ಅದರೊಳಗೆ ಏನು ನಡೆಯುತ್ತಿದೆ ಎಂದು ನಾವು ದೊಡ್ಡವರು ವಿಚಾರಿಸುವುದು ಕಡಿಮೆ. ಲಾರಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿರುವ ಅಕ್ಕನ ಮಗನನ್ನು ನಾನು ವಿಚಾರಿಸಿದೆ. ಕೇಳಿದ್ದೇ ತಡ, ಅವನು ಕುರ್ಚಿ ಎಳೆದುಕೊಂಡು ಕೂತ.

"ಮಾಮ, ಫೋನಿನ ಸ್ಪೀಕರಲ್ಲಿ ಬೇಡ. ಅದರಲ್ಲಿ ಅರ್ಧ ಹಾಡು ಬರೋದೇ ಇಲ್ಲ. ಇದು ಹಾಕ್ಕೊಳ್ಳಿ" ಎಂದು ತನ್ನ ದೊಡ್ಡ ಹೆಡ್‌ಫೋನು ಕೊಟ್ಟ.

ಅವನ ಮಾತು ನಿಜ. ಈ ಸಂಗೀತದ ಬೇಸ್ ಇರುವುದು ಸೆಕೆಂಡಿಗೆ 40ರಿಂದ 60 ಕಂಪನಗಳ ಜಾಗದಲ್ಲಿ. ಮನುಷ್ಯನ ಕಿವಿಗೆ ಕೇಳುವ ಸದ್ದು ಶುರುವಾಗುವುದೇ 20ರ ಹತ್ತಿರ ಎಂದರೆ, ಇದು ಎಷ್ಟು ಕೆಳಗಿನದು ಎಂದು ತಿಳಿಯುತ್ತದೆ. 50 ಕಂಪನದ ಸದ್ದಿನ ಒಂದೇ ಒಂದು ಅಲೆ ಗಾಳಿಯಲ್ಲಿ ಸುಮಾರು 7 ಮೀಟರ್ ಉದ್ದ. ಅಷ್ಟು ಗಾಳಿಯನ್ನು ತಳ್ಳುವ ಶಕ್ತಿ ಫೋನಿನ ಪುಟ್ಟ ಸ್ಪೀಕರಿಗೆ ಎಲ್ಲಿಂದ ಬರಬೇಕು? ಅದು ಮೇಲಿನ ಚಟಪಟವನ್ನು ಮಾತ್ರ ಕೇಳಿಸಿ, ತಳವನ್ನು ಪೂರ್ತಿ ಕೈಬಿಡುತ್ತದೆ. ಹೊಸಬರಿಗೆ ಈ ಸಂಗೀತ ತಲೆನೋವಾಗಿ ಕೇಳುವುದಕ್ಕೆ ಇದೂ ಒಂದು ಕಾರಣ. ನಡೆಯುವ ಕಾಲನ್ನೇ ತೆಗೆದುಬಿಟ್ಟರೆ ಓಟವಷ್ಟೇ ಉಳಿಯುತ್ತದೆ.

ಹೆದ್ದಾರಿ ಪಕ್ಕದವರಿಗೆ ಇಂಥ ಕೆಳದನಿ ಹೊಸದೇನೂ ಅಲ್ಲ. ಆರು ಸಿಲಿಂಡರಿನ ಲಾರಿ ಎಂಜಿನ್ನು ನಿಂತಲ್ಲೇ ನಿಮಿಷಕ್ಕೆ 600 ಸುತ್ತು ತಿರುಗುತ್ತಿದ್ದರೆ ಅದರೊಳಗೆ ಸೆಕೆಂಡಿಗೆ 30 ಸಲ ಇಂಧನ ಹೊತ್ತಿಕೊಳ್ಳುತ್ತದೆ. ಈ ಲೆಕ್ಕ ಹೇಳಿಕೊಟ್ಟವನೂ ಅಕ್ಕನ ಮಗನೇ. ರಾತ್ರಿ ಲಾರಿಗಳು ಸಾಲಾಗಿ ನಿಂತಾಗ ಕಿಟಕಿಯ ಗಾಜು ಅದುರುವುದು, ಎದೆಯೊಳಗೆ ಏನೋ ಗುರುಗುಟ್ಟಿದಂತಾಗುವುದು ಅದರಿಂದಲೇ. ಕಿವಿಗಿಂತ ಮೊದಲು ಮೈಗೆ ಮುಟ್ಟುವ ಸದ್ದನ್ನು ಈ ಊರಿನವರು ಹುಟ್ಟಿನಿಂದ ಬಲ್ಲರು.

ಎರಡು ವೇಗ ಒಟ್ಟಿಗೆ ಸಾಗುವ ಲೆಕ್ಕವೂ ನಮ್ಮ ಮನೆಗಳಲ್ಲಿ ಇದೆ. ಪಾಟಿಗೆ, ಅಂದರೆ ಸಂಗೀತದ ಪಾಠಕ್ಕೆ, ಹೋಗುವ ಮಕ್ಕಳು ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡುತ್ತಾರೆ. ತೊಡೆಯ ಮೇಲೆ ತಾಳ ಹಾಕುವ ಕೈ ಬದಲಾಗುವುದಿಲ್ಲ, ಅದೇ ನಿಧಾನ, ಅದೇ ಅಳತೆ. ಸ್ವರ ಮಾತ್ರ ಒಂದಿದ್ದಲ್ಲಿ ಎರಡು, ಎರಡಿದ್ದಲ್ಲಿ ನಾಲ್ಕು ಬೀಳುತ್ತವೆ. ಮೂರನೆಯ ಕಾಲದಲ್ಲಿ ಮಗು ತಡವರಿಸಿದರೆ ಮೇಷ್ಟ್ರು "ಸ್ವರ ನೋಡಬೇಡ, ಕೈ ನೋಡು" ಎನ್ನುತ್ತಾರೆ. ಡ್ರಮ್ ಅಂಡ್ ಬೇಸ್ ಕೇಳುವ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಪಾಟಿಗೆ ಹೋಗದವರ ಬೀದಿಯಲ್ಲಿ ತಮಟೆ ಇದೆ. ನನಗೆ ಈ ಸಂಗೀತದ ಬಾಗಿಲು ತೆರೆದದ್ದು ತಮಟೆಯೇ ಎಂದು ಖಂಡಿತವಾಗಿ ಹೇಳುತ್ತೇನೆ. ಬಾರಿಸುವವರ ಕೈಗಳನ್ನು ಹತ್ತಿರದಿಂದ ನೋಡಿ. ಒಂದು ಕೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಇನ್ನೊಂದರಲ್ಲಿ ಉದ್ದನೆಯ ತೆಳು ಬಿದಿರ ಕಡ್ಡಿ. ದಪ್ಪ ಕೋಲು ಚರ್ಮದ ನಡುವೆ ಬಿದ್ದು ತುಂಬು ದನಿ ಎಬ್ಬಿಸುತ್ತದೆ. ಕುಣಿಯುವವರ ಪಾದ ಇಳಿಯುವುದು ಆ ಪೆಟ್ಟಿಗೆ. ಎರಡು ಪೆಟ್ಟುಗಳ ನಡುವಿನ ಜಾಗವನ್ನೆಲ್ಲ ತೆಳು ಕಡ್ಡಿ ಚಟಚಟನೆ ತುಂಬುತ್ತದೆ. ಒಂದೇ ವಾದ್ಯ, ಒಬ್ಬನೇ ಮನುಷ್ಯ, ಎರಡು ವೇಗ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ವಾದಕ ನಾಡೋಜ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ, ಊರೂರಿನ ತಮಟೆಯವರ ಎರಡು ಕೈಗಳ ವಿದ್ಯೆಗೆ ದೇಶ ಕೊನೆಗೂ ಕೈ ಮುಗಿಯಿತು ಎಂದು ನನಗೆ ಬಹಳ ಸಂತೋಷವಾಯಿತು. ಹಬ್ಬಕ್ಕೂ ಸಾವಿಗೂ ಕರೆದು, ಕೆಲಸ ಮುಗಿದ ಮೇಲೆ ಹೊರಗೇ ನಿಲ್ಲಿಸಿದ ಜನರ ವಿದ್ಯೆ ಅದು.

ಇಂಗ್ಲೆಂಡಿನ ಕತೆಯಲ್ಲೂ ಹೊರಗೆ ನಿಂತವರೇ ಮುಖ್ಯ. ಎರಡನೇ ಮಹಾಯುದ್ಧದ ನಂತರ ಜಮೈಕಾದಿಂದ ದುಡಿಯಲು ಬಂದವರು ತಮ್ಮ ಜೊತೆ ಸೌಂಡ್ ಸಿಸ್ಟಂ ಪದ್ಧತಿಯನ್ನೂ ತಂದರು. ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ತಾವೇ ಕಟ್ಟಿ, ಬೇಸನ್ನು ಮೈಗೆ ಮುಟ್ಟಿಸಿ ಕುಣಿಯುವ ಪದ್ಧತಿ ಅದು. ಅವರ ಮಕ್ಕಳೂ, ಅವರ ಜೊತೆ ಬೆಳೆದ ಬಿಳಿಯ ಹುಡುಗರೂ 1990ರ ದಶಕದ ಮೊದಲ ವರ್ಷಗಳಲ್ಲಿ ಆ ಬೇಸಿನ ಮೇಲೆ ಅಮೆರಿಕದ ಹಳೆಯ ಫಂಕ್ ತಟ್ಟೆಗಳ ಡ್ರಮ್ಮನ್ನು ಕತ್ತರಿಸಿ, ವೇಗ ಹೆಚ್ಚಿಸಿ ಜೋಡಿಸಿದರು. ಮೊದಲು ಜಂಗಲ್ ಎಂದರು, ಆಮೇಲೆ ಡ್ರಮ್ ಅಂಡ್ ಬೇಸ್ ಎಂಬ ಹೆಸರು ನಿಂತಿತು.

ಹಾಗೆ ಕತ್ತರಿಸಿದ ತುಣುಕುಗಳಲ್ಲಿ ಒಂದು ಎಲ್ಲಕ್ಕಿಂತ ಹೆಚ್ಚು ಬಳಕೆಯಾಯಿತು. 1969ರಲ್ಲಿ ದಿ ವಿನ್‌ಸ್ಟನ್ಸ್ ಎಂಬ ತಂಡ 'ಅಮೆನ್, ಬ್ರದರ್' ಎಂಬ ಹಾಡನ್ನು ತಟ್ಟೆಯ ಹಿಂಬದಿಗೆ ಹಾಕಿತ್ತು. ಮುಂಬದಿಯ ಹಾಡು 'ಕಲರ್ ಹಿಮ್ ಫಾದರ್' ಗ್ರ್ಯಾಮಿ ಗೆದ್ದಿತು, ಹಿಂಬದಿಯನ್ನು ಆಗ ಯಾರೂ ಗಮನಿಸಲಿಲ್ಲ. ಅದರ ನಡುವೆ ಉಳಿದ ವಾದ್ಯಗಳೆಲ್ಲ ನಿಂತು, ಗ್ರೆಗರಿ ಕೋಲ್ಮನ್ ಒಬ್ಬರೇ ನಾಲ್ಕು ಆವರ್ತ ಡ್ರಮ್ಮು ಬಾರಿಸುತ್ತಾರೆ. ಸುಮಾರು ಏಳು ಸೆಕೆಂಡು, ಅಷ್ಟೇ. ಮೊದಲ ಎರಡು ಆವರ್ತ ಒಂದೇ ತರಹ. ಮೂರನೆಯದರಲ್ಲಿ ಒಂದು ಪೆಟ್ಟನ್ನು ಚೂರು ತಡಮಾಡುತ್ತಾರೆ. ನಾಲ್ಕನೆಯದರ ಮೊದಲ ಪೆಟ್ಟನ್ನು ಬಾರಿಸುವುದೇ ಇಲ್ಲ. ಆ ಖಾಲಿ ಜಾಗ ದಾಟಿದ ಮೇಲೆ ಕಂಚಿನ ತಟ್ಟೆಯ ಸದ್ದನ್ನು ನಾವು ಕಾಯುವುದಕ್ಕಿಂತ ಮುಂಚೆಯೇ ಬೀಳಿಸುತ್ತಾರೆ. ಅತೀತ, ಅನಾಗತ ಎಂದು ಮೃದಂಗದವರು ಯಾವ ಚೆಲುವನ್ನು ಹೇಳುತ್ತಾರೋ ಅದೇ ಚೆಲುವು ಇಲ್ಲಿದೆ. ಈ ಏಳು ಸೆಕೆಂಡಿನ ಮೇಲೆ ಸಾವಿರಾರು ಹಾಡುಗಳು ನಿಂತಿವೆ. ಕಂಪ್ಯೂಟರಿನ ಸಂಗೀತ, ಯಂತ್ರದ ಸಂಗೀತ ಎಂದು ಇದನ್ನು ತಳ್ಳಿಹಾಕುವವರಿಗೆ ನಾನು ಹೇಳುವುದು ಇಷ್ಟೇ: ಒಳಗೆ ಓಡುತ್ತಿರುವುದು ಒಬ್ಬ ಮನುಷ್ಯನ ಕೈ.

ಆ ಕೈಗೆ ಒಂದು ಕಾಸೂ ಬರಲಿಲ್ಲ. ಕೋಲ್ಮನ್ 2006ರಲ್ಲಿ ಮನೆಮಠವಿಲ್ಲದ ಸ್ಥಿತಿಯಲ್ಲಿ ತೀರಿಕೊಂಡರು. ತಂಡದ ನಾಯಕ ರಿಚರ್ಡ್ ಸ್ಪೆನ್ಸರ್‌ಗೆ ತಮ್ಮ ಹಾಡಿನ ತುಣುಕು ಹೀಗೆ ಬಳಕೆಯಾಗುತ್ತಿದೆ ಎಂಬ ಸುದ್ದಿಯೇ 1996ರವರೆಗೆ ತಿಳಿದಿರಲಿಲ್ಲ. 2015ರಲ್ಲಿ ಇಂಗ್ಲೆಂಡಿನ ಇಬ್ಬರು ಡಿಜೆಗಳು ಕೇಳುಗರಿಂದ ಚಂದಾ ಎತ್ತಿ 24,000 ಪೌಂಡ್ ಕೂಡಿಸಿ ಸ್ಪೆನ್ಸರ್‌ಗೆ ಒಪ್ಪಿಸಿದರು. ಕೋಲ್ಮನ್ ಹೋಗಿ ಆಗಲೇ ಒಂಬತ್ತು ವರ್ಷ. ಇದನ್ನು ನೆನೆದಾಗೆಲ್ಲ ನನಗೆ ನಮ್ಮ ಕಡೆಯ ಮೆರವಣಿಗೆಗಳು ಕಣ್ಣ ಮುಂದೆ ಬರುತ್ತವೆ. ಗಣಪತಿ ಬಿಡುವ ದಿನ ಟ್ರ್ಯಾಕ್ಟರಿನ ಮೇಲೆ ಡಿಜೆ ಬಾಕ್ಸು ಹೇರಿ, ಅದರಲ್ಲಿ ಯಾರೋ ಎಂದೋ ಬಾರಿಸಿದ ತಮಟೆಯ ತುಣುಕನ್ನೇ ಮತ್ತೆ ಮತ್ತೆ ತಿರುಗಿಸುತ್ತಾರೆ. ಆ ಯಾರೋ ಯಾರು ಎಂದು ಕೇಳುವವರಿಲ್ಲ. ಬಾರಿಸಬಲ್ಲವರು ಅದೇ ಬೀದಿಯ ಅಂಚಿನಲ್ಲಿ ನಿಂತು ನೋಡುತ್ತಿರುತ್ತಾರೆ.

ಯಾವುದರಿಂದ ಶುರು ಮಾಡಬೇಕು? ಎಲ್‌ಟಿಜೆ ಬುಕೆಮ್ ಅವರ 'ಹೊರೈಜನ್ಸ್' ಹೊಸಬರಿಗೆ ಒಳ್ಳೆಯದು. ಡ್ರಮ್ಮು ಓಡುತ್ತಿದ್ದರೂ ಅದರ ಮೇಲೆ ಹರಡಿರುವ ಸ್ವರಗಳು ತುಂಬ ಸಮಾಧಾನದವು. ಆಮೇಲೆ ಗೋಲ್ಡಿ ಅವರ 1995ರ 'ಟೈಮ್‌ಲೆಸ್'. ಅದರ ಮೊದಲ ಹಾಡೇ 21 ನಿಮಿಷದ್ದು; ಡಯಾನ್ ಷಾರ್ಲಮೇನ್ ಎಂಬ ಗಾಯಕಿಯ ದನಿ ನಗರದ ಒಂಟಿತನವನ್ನು ಹಾಡುವಾಗ, ಕೆಳಗೆ ಡ್ರಮ್ಮು ಚೂರುಚೂರಾಗುತ್ತಿರುತ್ತದೆ. ಮೂರನೆಯದಾಗಿ ರೋನಿ ಸೈಜ್ ಮತ್ತು ಸಂಗಡಿಗರ 'ನ್ಯೂ ಫಾರ್ಮ್ಸ್'. 1997ರಲ್ಲಿ ಇಂಗ್ಲೆಂಡಿನ ಮರ್ಕ್ಯುರಿ ಪ್ರಶಸ್ತಿ ಗೆದ್ದ ಈ ಸಂಪುಟದ 'ಬ್ರೌನ್ ಪೇಪರ್ ಬ್ಯಾಗ್' ಹಾಡಿನಲ್ಲಿ ಬೇಸ್ ಎಂದರೇನು ಎಂಬುದು ಒಂದೇ ಏಟಿಗೆ ತಿಳಿಯುತ್ತದೆ. ಅದರಲ್ಲಿ ಮರದ ದೊಡ್ಡ ಬೇಸ್ ವಾದ್ಯದ ತಂತಿ ಮೀಟುವುದು ಬಿಡಿಬಿಡಿಯಾಗಿ ಕೇಳುತ್ತದೆ. ಅಲ್ಲಿಂದ ತಲ್ವಿನ್ ಸಿಂಗ್ ಅವರ ಕಡೆ ಬರಬಹುದು. ಲಂಡನ್ನಿನಲ್ಲಿ ಹುಟ್ಟಿ, ಪಂಜಾಬಿಗೆ ಬಂದು ತಬಲಾ ಕಲಿತವರು ಅವರು. 1990ರ ದಶಕದಲ್ಲಿ ಲಂಡನ್ನಿನ ಬ್ಲೂ ನೋಟ್ ಕ್ಲಬ್ಬಿನಲ್ಲಿ ಭಾನುವಾರ ಗೋಲ್ಡಿ ಬಳಗದ ರಾತ್ರಿ, ಸೋಮವಾರ ತಲ್ವಿನ್ ಅವರ 'ಅನೋಖಾ' ರಾತ್ರಿ. ಅವರ 'ಓಕೆ' ಸಂಪುಟಕ್ಕೂ 1999ರಲ್ಲಿ ಅದೇ ಮರ್ಕ್ಯುರಿ ಪ್ರಶಸ್ತಿ ಬಂತು.

ಇಷ್ಟು ಕೇಳಿದ ಮೇಲೆ ಬೆಂಗಳೂರಿಗೆ ಮರಳಿ. 1964ರಲ್ಲಿ ಶುರುವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಮಾಡಿದ 'ಜ್ಯೋತಿ' ಸಂಪುಟ 1983ರಷ್ಟು ಹಿಂದಿನದು. ಅದರಲ್ಲಿ ತುಣುಕು ಕತ್ತರಿಸುವ ಸ್ಯಾಂಪ್ಲರೂ ಇಲ್ಲ, ಡಿಜೆಯೂ ಇಲ್ಲ. ಬೇಸಿನ ಜೊತೆ ನಡೆಯುವುದನ್ನು ಕಲಿತ ಕಿವಿಗೆ ಮೃದಂಗದ ಎಡದ ತೊಪ್ಪಿಯೂ ಬಲದ ಬೆರಳುಗಳೂ ಹೇಗೆ ಬೇರೆ ಬೇರೆ ವೇಗದಲ್ಲಿ ಸಾಗುತ್ತವೆ ಎಂಬುದು ಮೊದಲಿಗಿಂತ ಸ್ಪಷ್ಟವಾಗಿ ಕೇಳುತ್ತದೆ. ನನಗೆ ಕೇಳಿದೆ.

ಸದ್ದಿನ ಮಟ್ಟದ ಬಗ್ಗೆ ಒಂದು ಮಾತು ಹೇಳದೆ ಹೋಗಲಾರೆ. 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪ್ರೆಸ್ ಶಾಪಿನಲ್ಲಿ ಎಂಟು ಗಂಟೆ ಕಬ್ಬಿಣದ ಏಟು ಕೇಳಿ ಬಂದ ನಮ್ಮ ಹುಡುಗರ ಕಿವಿ ಆ ಲೆಕ್ಕವನ್ನು ಆಗಲೇ ಖರ್ಚು ಮಾಡಿರುತ್ತದೆ. ಬಸ್ಸು ಹತ್ತಿದ ಕೂಡಲೇ ಎಂಜಿನ್ನಿನ ಸದ್ದು ಮುಚ್ಚಲು ಇಯರ್‌ಫೋನಿನ ಸದ್ದು ಏರಿಸಬೇಡಿ. ಈ ಸಂಗೀತಕ್ಕೆ ಬೇಕಾದ್ದು ಕೆಳದನಿ ಕೊಡಬಲ್ಲ ಒಳ್ಳೆಯ ಹೆಡ್‌ಫೋನು, ಸುತ್ತ ಸದ್ದಿಲ್ಲದ ಅರ್ಧ ಗಂಟೆ. ರಜೆಯ ದಿನ ಕೇಳಿ.

ಅಕ್ಕನ ಮಗ ಈಗ ಲ್ಯಾಪ್‌ಟಾಪಿನಲ್ಲಿ ತಾನೇ ಒಂದು ಹಾಡು ಕಟ್ಟುತ್ತಿದ್ದಾನೆ. ನಮ್ಮ ತಮಟೆಯನ್ನು 174ರ ವೇಗಕ್ಕೆ ಕೂರಿಸಬೇಕೆಂಬ ಆಸೆ ಅವನಿಗೆ. ಅಂತರ್ಜಾಲದಿಂದ ಇಳಿಸಿಕೊಂಡ ತುಣುಕು ಬೇಡ, ಊರಿನ ತಂಡವನ್ನೇ ಕೇಳು, ಒಪ್ಪಿದರೆ ದುಡ್ಡು ಮಾತಾಡಿ ಕೊಟ್ಟು ರೆಕಾರ್ಡ್ ಮಾಡು ಎಂದೆ. "ಹಾಡಿನ ಹೆಸರಿನ ಪಕ್ಕದಲ್ಲೇ ಅವರ ಹೆಸರು ಹಾಕ್ತೀನಿ ಮಾಮ" ಎಂದ. ತಂಡದ ಹಿರಿಯರು ಒಪ್ಪಿದ್ದಾರೆ. ದಪ್ಪ ಕೋಲಿಗೊಂದು, ತೆಳು ಕಡ್ಡಿಗೊಂದು ಮೈಕು ಇಡುವುದು ಅವನ ಯೋಚನೆ. ಸಂಜೆ ಇಬ್ಬನಿಗೆ ಚರ್ಮ ಸಡಿಲವಾಗುತ್ತದೆ, ಹುಲ್ಲು ಹೊತ್ತಿಸಿ ಕಾಯಿಸಿಕೊಂಡೇ ಬಾರಿಸಬೇಕು, ನಿನ್ನ ಮೈಕಿನ ವೈರನ್ನು ಬೆಂಕಿಯಿಂದ ದೂರ ಎಳೆದುಕೋ ಎಂದು ಆ ಹಿರಿಯರೇ ಅವನಿಗೆ ಹೇಳಿ ಕಳಿಸಿದ್ದಾರೆ.