ಸೂತಕಕ್ಕಿಂತ ಮೊದಲು ಊಟ

2019ರ ಜನವರಿ 21, ಸೋಮವಾರ. ಬೆಳಿಗ್ಗೆ 11 ಗಂಟೆ 44 ನಿಮಿಷಕ್ಕೆ ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಡಾ. ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದರು. ಅವರಿಗೆ 111 ವರ್ಷ. ನಾಡೆಲ್ಲ ಆ ಸುದ್ದಿಗೆ ಹೆದರಿಕೊಂಡು ಕಾಯುತ್ತಿತ್ತು. ಆದರೂ ಮಠ ತಕ್ಷಣ ಬಾಯಿ ಬಿಡಲಿಲ್ಲ. ಸಾವಿರಾರು ಮಕ್ಕಳು ಮಧ್ಯಾಹ್ನದ ಊಟ ಮುಗಿಸಿ ಎದ್ದ ಮೇಲೆ ಸುದ್ದಿಯನ್ನು ಹೊರಗೆ ಹೇಳಲಾಯಿತು. ತಮ್ಮ ಸಾವಿನ ಕಾರಣಕ್ಕೆ ಮಕ್ಕಳು ಒಂದು ಹೊತ್ತೂ ಹಸಿದಿರಬಾರದು, ಊಟವಾದ ಮೇಲೆಯೇ ತಿಳಿಸಬೇಕು ಎಂದು ಸ್ವಾಮೀಜಿ ಮೊದಲೇ ಹೇಳಿಟ್ಟಿದ್ದರೆಂದು ಅಂದಿನ ಪತ್ರಿಕೆಗಳು ಬರೆದವು.

ಇದನ್ನು ಕೇಳಿದವರೆಲ್ಲ ಕಣ್ಣೊರೆಸಿಕೊಂಡರು. ಅದು ಸಹಜ. ಆದರೆ ಈ ಪ್ರಸಂಗವನ್ನು ಕರುಣೆಯ ಕಥೆಯೆಂದು ಮಾತ್ರ ನೆನೆದರೆ ಅದರಲ್ಲಿರುವ ನಿಷ್ಠುರ ಕೈತಪ್ಪುತ್ತದೆ. ನಮ್ಮ ಕಡೆ ಮನೆಯಲ್ಲಿ ಸಾವಾದರೆ ಒಲೆ ಹಚ್ಚುವುದಿಲ್ಲ. ನೆಂಟರೋ ನೆರೆಯವರೋ ಮಾಡಿ ತಂದದ್ದನ್ನು ಉಣ್ಣಬೇಕು. ಮಾಡಿಟ್ಟ ಅಡುಗೆಯನ್ನೂ ಚೆಲ್ಲುವವರಿದ್ದಾರೆ. ದುಃಖ ದೊಡ್ಡದು, ಊಟ ಸಣ್ಣದು ಎಂಬ ಲೆಕ್ಕ ಅದು. ಮಠದ ಅತ್ಯಂತ ಹಿರಿಯ ಜೀವವೇ ಆ ಲೆಕ್ಕವನ್ನು ತಿರುವಿ ಹಾಕಿತು. ಸೂತಕ ಕಾಯಬಹುದು, ಮಗುವಿನ ಹೊಟ್ಟೆ ಕಾಯಲಾರದು.

ಶರಣ ಪರಂಪರೆಯಲ್ಲಿ ಇದಕ್ಕೆ ಬೇರಿದೆ. ಜನನ ಸೂತಕ, ಮರಣ ಸೂತಕ, ರಜಸ್ಸೂತಕ, ಎಂಜಲು ಸೂತಕ, ಜಾತಿ ಸೂತಕ ಎಂಬ ಐದನ್ನೂ ಶರಣರು ಒಪ್ಪಲಿಲ್ಲ. ಹನ್ನೆರಡನೆಯ ಶತಮಾನದ ಆ ನಿಲುವನ್ನು ಮಂಟಪಗಳಲ್ಲಿ ಭಾಷಣ ಮಾಡಿ ಒಪ್ಪಿಸುವುದು ಸುಲಭ. ಅಡುಗೆ ಮನೆಯಲ್ಲಿ, ಅದೂ ಸಾವಿನ ದಿನ ನಡೆಸಿ ತೋರಿಸುವುದು ಕಷ್ಟ. ಸಮುದಾಯದ ಪೋಷಣೆ ಎಂದು ಈಗ ಯಾವುದನ್ನು ಸರ್ಕಾರಿ ಕಡತಗಳಲ್ಲಿ ಬರೆಯುತ್ತೇವೋ ಅದರ ಅಳತೆಗೋಲು ನನಗೆ ಸಿಕ್ಕಿದ್ದು ಅಂದು ಸಾವಿಗೂ ಸುದ್ದಿಗೂ ನಡುವೆ ಕಳೆದ ಆ ಸುಮಾರು ಎರಡು ಗಂಟೆಗಳಲ್ಲಿ. ಊಟಕ್ಕಿಂತ ಮುಂದೆ ನಾವು ಏನನ್ನು ಕೂರಿಸಿದ್ದೇವೆ ಎಂದು ಕೇಳಿದರೆ ಒಂದು ಊರಿನ ಆರೋಗ್ಯ ತಿಳಿಯುತ್ತದೆ.

ಮಠದ ದಾಸೋಹ ಒಬ್ಬರ ದಿನದ್ದಲ್ಲ. ಮಠದ ಹಳೆಯ ಗುರು ಅಟವಿ ಸ್ವಾಮಿಗಳ ಕಾಲದಲ್ಲಿ ಹೊತ್ತಿದ ಒಲೆ ಇಂದಿಗೂ ಆರಿಲ್ಲ ಎಂಬುದು ಭಕ್ತರ ನಂಬಿಕೆ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಶಿವಕುಮಾರ ಸ್ವಾಮೀಜಿ, ಹಿಂದಿನ ಗುರು ಉದ್ಧಾನ ಶಿವಯೋಗಿಗಳು ಲಿಂಗೈಕ್ಯರಾದ 1941ರಲ್ಲಿ ಮಠದ ಹೊಣೆ ಹೊತ್ತರು. ಮಳೆ ನಂಬಿದ ಸೀಮೆ, ಬಡವರ ಮಕ್ಕಳು, ಕೈಯಲ್ಲಿ ಕಾಸಿಲ್ಲ. ಹಳ್ಳಿ ಹಳ್ಳಿ ತಿರುಗಿ ಭಿಕ್ಷೆ ಎತ್ತಿದರು. ಸುಗ್ಗಿಯಲ್ಲಿ ರೈತರು ರಾಗಿ, ಕಾಳು, ಕಾಯಿ ಹೇರಿಕೊಂಡು ಬಂದು ಹಾಕಿದರು. ಮುಂದೆ ಹತ್ತು ಸಾವಿರದ ಆಸುಪಾಸು ಮಕ್ಕಳು ಅಲ್ಲಿ ಊಟ, ವಸತಿ, ಓದು ಮೂರನ್ನೂ ಪುಕ್ಕಟೆ ಪಡೆಯುವಂತಾಯಿತು. ಜಾತಿ ಕೇಳಲಿಲ್ಲ, ಮತ ಕೇಳಲಿಲ್ಲ. ಒಂದೇ ಸಾಲು, ಒಂದೇ ತಟ್ಟೆ, ಒಂದೇ ಸಾರು.

ಆ ತಟ್ಟೆಯಲ್ಲಿ ಮುದ್ದೆಯಿತ್ತು ಎಂಬುದನ್ನು ಒತ್ತಿ ಹೇಳಬೇಕು. ತುಮಕೂರು ಸೀಮೆಯ ಹಳಬರು ಮುದ್ದೆ ಎನ್ನುವುದಿಲ್ಲ, ಹಿಟ್ಟು ಎನ್ನುತ್ತಾರೆ. ಎಸರು ಕುದಿ ಬಂದಾಗ ಒಂದು ಹಿಡಿ ಹಿಟ್ಟನ್ನು ನೀರಲ್ಲಿ ಕದಡಿ ಬಿಡಬೇಕು. ಅದು ಉಕ್ಕಿದ ಮೇಲೆ ಉಳಿದ ಹಿಟ್ಟನ್ನು ನಡುವೆ ರಾಶಿ ಸುರಿದು, ಕೋಲು ನೆಟ್ಟು, ಸಣ್ಣ ಉರಿಯಲ್ಲಿ ಬೇಯಲು ಬಿಡಬೇಕು. ಅವಸರ ಮಾಡಿದರೆ ಹಸಿ ಹಿಟ್ಟಿನ ವಾಸನೆ ಉಳಿದು ಹೊಟ್ಟೆ ಕಟ್ಟುತ್ತದೆ. ಆಮೇಲೆ ಪಾತ್ರೆ ಅಲ್ಲಾಡದಂತೆ ಕವೆಗೋಲಲ್ಲಿ ಅದುಮಿ ಹಿಡಿದು, ಒಂದೂ ಗಂಟಿಲ್ಲದಂತೆ ತೊಳಸಿ, ನೀರು ಚಿಮುಕಿಸಿದ ಮಣೆಯ ಮೇಲೆ ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಬೇಕು. ನಾಲ್ಕು ಜನರ ಮನೆಯಲ್ಲೇ ತೋಳು ಸೋಲುವ ಕೆಲಸ. ಸಾವಿರಾರು ಮಕ್ಕಳಿಗೆ ದಿನವೂ ಇದನ್ನು ಮಾಡುವ ಕೈಗಳನ್ನು ಯಾವ ಪ್ರಶಸ್ತಿಯೂ ಹುಡುಕಿಕೊಂಡು ಬರುವುದಿಲ್ಲ.

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಂ ಮುಟ್ಟುವುದೂ ಕಷ್ಟ. ರಾಗಿಯಲ್ಲಿ ಪ್ರೋಟೀನು ಕಡಿಮೆ, ಆ ಕೊರತೆಯನ್ನು ಅವರೆ, ಹುರುಳಿ, ಅಲಸಂದೆ ಕಾಳಿನ ಸಾರು ತುಂಬುತ್ತದೆ. ಮಸೊಪ್ಪು, ಬಸ್ಸಾರು ಸೇರಿದರೆ ಊಟ ಪೂರ್ತಿ. ಈ ಜೋಡಣೆಯನ್ನು ಕಲಿಸಲು ಹೊರಗಿನಿಂದ ಯಾರೂ ಬರಬೇಕಾಗಿರಲಿಲ್ಲ. ಕುಣಿಗಲ್ಲಿನ ಹೊಲದಲ್ಲಿ ರಾಗಿಯ ನಡುವೆ ಅವರೆಯ ಸಾಲು ಬಿತ್ತುತ್ತಿದ್ದ ಅಜ್ಜ ಮಣ್ಣಿಗೂ ತಟ್ಟೆಗೂ ಒಟ್ಟಿಗೇ ವ್ಯವಸ್ಥೆ ಮಾಡಿಟ್ಟಿದ್ದ. ಹಬ್ಬಕ್ಕಷ್ಟೇ ಅನ್ನ ಕಂಡಿದ್ದ ಮನೆಗಳಿಗೆ ದಿನವೂ ಅನ್ನ ಬಂದದ್ದು ತಪ್ಪಲ್ಲ. ಹಸಿವಿನ ನೆನಪಿರುವವರು ಅದನ್ನು ತಪ್ಪು ಎನ್ನಲಾರರು. ಆದರೆ ಅನ್ನದ ಜೊತೆಗೆ ಕಾಳು, ಸೊಪ್ಪು ಬರಲಿಲ್ಲ, ಹಿಟ್ಟು ತೊಳಸುವ ಕೋಲು ಅಟ್ಟ ಸೇರಿತು.

ಇನ್ನು ಸೂತಕದ ಎರಡನೆಯ ಪ್ರಕರಣ. ಬರೆಯಲು ಸಂಕಟವಾಗುತ್ತದೆ, ಆದರೂ ಬರೆಯಬೇಕು.

2023ರ ಜುಲೈ. ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿ. ಹೆರಿಗೆಯಾದ ಹೆಣ್ಣುಮಗಳನ್ನೂ ಎಳೆಗೂಸನ್ನೂ ಹಟ್ಟಿಯ ಹೊರಗೆ ಒಂದು ಗುಡಿಸಿಲಿನಲ್ಲಿ ಇರಿಸಿದ್ದರು. ದೇವರು ಸೂತಕ ಸಹಿಸುವುದಿಲ್ಲ ಎಂಬ ನಂಬಿಕೆ. ಮಳೆ, ಶೀತಗಾಳಿ. ಕೂಸಿಗೆ ಶೀತ ಹತ್ತಿತು, ಜ್ವರ ಬಂತು. ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ. ಸುದ್ದಿ ರಾಜ್ಯದಲ್ಲೆಲ್ಲ ಹರಡಿ, ಅಧಿಕಾರಿಗಳು, ನ್ಯಾಯಾಧೀಶರು ಹಟ್ಟಿಗಳಿಗೆ ಹೋದರು. ಮುಂದಿನ ದಿನಗಳಲ್ಲಿ ಗುಬ್ಬಿ ತಾಲ್ಲೂಕಿನ ಹಟ್ಟಿಯೊಂದರಲ್ಲಿ ನ್ಯಾಯಾಧೀಶೆಯೊಬ್ಬರು ತಾವೇ ನಿಂತು ಬಾಣಂತಿಯನ್ನೂ ಕೂಸನ್ನೂ ಮನೆಯೊಳಗೆ ಸೇರಿಸಿದರು. ಮುಟ್ಟಾದವರನ್ನೂ ಗರ್ಭಿಣಿಯರನ್ನೂ ಊರಾಚೆ ಇಡುವುದನ್ನು ರಾಜ್ಯದ 2017ರ ಅಮಾನವೀಯ ಆಚರಣೆಗಳ ತಡೆ ಕಾಯ್ದೆ ಆಗಲೇ ಅಪರಾಧವೆಂದಿತ್ತು. ಕಾಯ್ದೆ ಪುಸ್ತಕದಲ್ಲಿತ್ತು, ಗುಡಿಸಿಲು ಹೊಲದ ಬದುವಿನಲ್ಲಿತ್ತು.

ಆ ಹಟ್ಟಿಗಳ ಕಾಡುಗೊಲ್ಲರನ್ನು ಬೈಯುವುದಕ್ಕೆ ಇದನ್ನು ಎತ್ತಿಕೊಂಡಿಲ್ಲ. ಆ ಸಮುದಾಯದ ಹೆಣ್ಣುಮಕ್ಕಳೇ ಇದರ ವಿರುದ್ಧ ಮಾತಾಡುತ್ತಿದ್ದಾರೆ. ಪೇಟೆಯ ನಮ್ಮ ಮನೆಗಳಲ್ಲಿ ಗುಡಿಸಿಲು ಇಲ್ಲ, ಸೂತಕ ಇದೆ. ಬಾಣಂತಿಗೆ ಮೆಣಸಿನ ಸಾರು, ಅನ್ನ ಅಷ್ಟೇ. ಸೊಪ್ಪು ನಂಜು, ಹಣ್ಣು ಶೀತ, ನೀರು ಜಾಸ್ತಿ ಕುಡಿದರೆ ಹೊಟ್ಟೆ ಬರುತ್ತದೆ ಎಂದು ಹಾಲುಣಿಸುವ ತಾಯಿಯನ್ನು ಬಾಯಾರಿಸುವ ಮನೆಗಳು ತುಮಕೂರಿನ ಬಡಾವಣೆಗಳಲ್ಲೂ ಇವೆ. ಮನೆಮಂದಿಯೆಲ್ಲ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಬಳಿದುಕೊಂಡು ಉಣ್ಣುವ ಸೊಸೆ ಗುಬ್ಬಿಯಲ್ಲೂ ಇದ್ದಾಳೆ, ಬೆಂಗಳೂರಿನಲ್ಲೂ ಇದ್ದಾಳೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5. ಈ ರಕ್ತಹೀನತೆಗೆ ಜಂತುಹುಳ, ಮೇಲಿಂದ ಮೇಲೆ ಹೆರಿಗೆ, ಬಡತನ ಎಲ್ಲವೂ ಕಾರಣ. ಜೊತೆಗೆ ಯಾರು ಮೊದಲು ಉಣ್ಣಬೇಕು ಎಂಬ ನಮ್ಮ ಮನೆಗಳ ಕ್ರಮವೂ ಕಾರಣ. ಆ ಕ್ರಮವನ್ನು ಯಾವ ಕಬ್ಬಿಣದ ಮಾತ್ರೆಯೂ ಬದಲಿಸುವುದಿಲ್ಲ.

ಇದಕ್ಕೂ ಮೊದಲೇ, 2017ರ ಅಕ್ಟೋಬರ್ 2ರಂದು ರಾಜ್ಯ ಸರ್ಕಾರ ಮಾತೃಪೂರ್ಣ ಯೋಜನೆಯನ್ನು ಶುರು ಮಾಡಿತು. ಗರ್ಭಿಣಿಯರೂ ಬಾಣಂತಿಯರೂ ಅಂಗನವಾಡಿಗೆ ಬಂದು ಮಧ್ಯಾಹ್ನ ಬಿಸಿ ಊಟ ಮಾಡಬೇಕು: ಅನ್ನ, ಸಾಂಬಾರು, ಮೊಟ್ಟೆ, ಹಾಲು, ಚಿಕ್ಕಿ. ಮನೆಗೆ ಕೊಟ್ಟರೆ ಅದು ಗಂಡ, ಮಕ್ಕಳು, ಅತ್ತೆ ಎಂದು ಹಂಚಿಹೋಗುತ್ತದೆ, ಅವಳ ಬಾಯಿಗೆ ಬೀಳುವುದಿಲ್ಲ ಎಂದು ಬಲ್ಲವರೇ ಈ ಯೋಜನೆ ಹೆಣೆದಿದ್ದರು. ಆ ತಿಳಿವಳಿಕೆಗೆ ಕೈಮುಗಿಯಬೇಕು. ಆದರೆ ಹಸಿ ಬಾಣಂತಿ ಕಿವಿಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನು ಎತ್ತಿಕೊಂಡು ನಡುಮಧ್ಯಾಹ್ನ ಬೀದಿಗೆ ಬರುತ್ತಾಳೆಯೇ? ಹುಲಿಯೂರುದುರ್ಗದ ಕಡೆಯಂತೆ ಮನೆಗಳು ಚದುರಿದ ಊರುಗಳಲ್ಲಿ ಒಂದು ಊಟಕ್ಕೆ ಅಷ್ಟು ದೂರ ನಡೆದು ಬಂದು ಮತ್ತೆ ನಡೆದು ಹೋಗುತ್ತಾಳೆಯೇ? ಹತ್ತು ಜನರ ಎದುರು ಕೂತು ಉಣ್ಣಲು ಸಂಕೋಚ, ಅಲ್ಲಿಗೆ ಹೋಗಬೇಡ ಎನ್ನುವ ಅತ್ತೆ, ಬೇರೆ ಜಾತಿಯವರು ಮಾಡಿದ ಅಡುಗೆ ಎಂಬ ಹಿಂಜರಿಕೆ. ಊಟ ತಯಾರಿತ್ತು, ಅನೇಕ ಕಡೆ ಉಣ್ಣುವವರು ಬರಲಿಲ್ಲ. ಕೊರೊನಾ ಬಂದಾಗ ಪದಾರ್ಥಗಳನ್ನು ಮನೆಗೇ ಕೊಡಬೇಕಾಯಿತು.

ಸ್ವಾಮೀಜಿಯ ದಾಸೋಹದಲ್ಲಿ ಹಸಿದವನು ಬಂದು ಕೂತರೆ ಸಾಕಿತ್ತು. ಮಾತೃಪೂರ್ಣದಲ್ಲಿ ಹಸಿದವಳು ಬರಬೇಕಾದರೆ ಮೊದಲು ಇಡೀ ಮನೆಯನ್ನು ಗೆಲ್ಲಬೇಕಿತ್ತು. ಹೆರಿಗೆಯಾಗಿ ವಾರ ಕಳೆದ ಹೆಂಗಸಿನ ಹೆಗಲಿಗೆ ಆ ಹೋರಾಟವನ್ನು ಹಾಕಬಾರದಿತ್ತು. ಅಂಗನವಾಡಿ ಕಾರ್ಯಕರ್ತೆಯರು ಡಬ್ಬಿ ತುಂಬಿ ತಾವೇ ಮನೆಗೆ ಒಯ್ಯುವುದಕ್ಕೆ ಅವಕಾಶ, ಅದಕ್ಕೆ ತಕ್ಕ ಕೈಗಳು, ತಕ್ಕ ಸಂಬಳ ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತೆಂದು ನಾನು ನಂಬುತ್ತೇನೆ. ಬಿಸಿ ಊಟ ಅವಳ ಮುಂದೆ ಇಟ್ಟು, ಅವಳು ಉಣ್ಣುವವರೆಗೆ ಪಕ್ಕದಲ್ಲಿ ಕೂತು ಮಾತಾಡುವ ಒಬ್ಬ ಅಕ್ಕ ಬೇಕಿತ್ತು.

ಶಾಲೆಯ ಮೊಟ್ಟೆಯ ವಿಷಯವನ್ನೂ ಇಲ್ಲಿ ಹೇಳದೆ ಮುಂದೆ ಹೋಗಲಾರೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಕಡೆ ಮಕ್ಕಳಿಗೆ ಮೊಟ್ಟೆ ಕೊಡಲು ಆರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಬೇಡದ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಎಂದು ಏರ್ಪಾಡಾಯಿತು. ಮಕ್ಕಳನ್ನು ಕೇಳಿದಾಗ ಹೆಚ್ಚಿನವರು ಮೊಟ್ಟೆಯನ್ನೇ ಆರಿಸಿಕೊಂಡರು. ಮುಂದಿನ ವರ್ಷ ಯೋಜನೆ ರಾಜ್ಯಕ್ಕೆಲ್ಲ ಹರಡಿತು. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ವಾರಕ್ಕೆ ಆರು ದಿನವೂ ಸಿಗುವಂತಾಯಿತು. ಮಠಗಳ ದಾಸೋಹದಲ್ಲಿ ಸಸ್ಯಾಹಾರ ಇರಲಿ, ಅದು ಅವರ ವ್ರತ. ಆದರೆ ಸರ್ಕಾರಿ ಶಾಲೆಯ ಬಡ ಮಗುವಿನ ತಟ್ಟೆಯಲ್ಲಿರುವ ಮೊಟ್ಟೆಯ ಮೇಲೆ ತನ್ನ ಮಡಿಯನ್ನು ಹೊದಿಸುವ ಹಕ್ಕು ಯಾರಿಗೂ ಇಲ್ಲ. ಆ ಮಡಿಯೂ ಒಂದು ಸೂತಕವೇ.

ಈಚೆಗೆ ನಮ್ಮ ಪಟ್ಟಣಗಳಲ್ಲಿ ಆರೋಗ್ಯದ ಕಾಳಜಿ ಬೇರೊಂದು ದಾರಿ ಹಿಡಿದಿದೆ. ತೂಕ ನೋಡುವ ಯಂತ್ರ, ಮೈಯ ಕೊಬ್ಬು ಅಳೆಯುವ ಯಂತ್ರ, ಡಬ್ಬಿಯ ಪುಡಿ ಕಲಸಿದ ಬೆಳಗಿನ ಶೇಕ್. ಬೆಳಿಗ್ಗೆ ತುಮಕೂರಿನ ಅಮಾನಿಕೆರೆಯ ದಂಡೆಯಲ್ಲಿ ನಡೆಯುವವರನ್ನು ಕಂಡರೆ ಸಂತೋಷವೇ ಆಗುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಹೆಚ್ಚುತ್ತಿರುವ ಊರಿಗೆ ಆ ನಡಿಗೆ ಬೇಕು. ಆದರೆ ತಿಂಗಳಿಗೆ ಸಾವಿರಗಟ್ಟಲೆ ರೂಪಾಯಿಯ ಪುಡಿಯನ್ನು ಸಮುದಾಯದ ಪೋಷಣೆ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಕೊಳ್ಳಬಲ್ಲವನ ಮೈ ಮಾತ್ರ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಬದಲು ನಮ್ಮ ಕಡೆಯದೇ ಒಂದು ಹಣ್ಣು ನೋಡಿ: ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ರೈತರೊಬ್ಬರ ತೋಟದಲ್ಲಿ ಬೆಳೆದ ‘ಸಿದ್ದು’ ಹಲಸು ಇದೆ. ಹಿರೇಹಳ್ಳಿಯ ತೋಟಗಾರಿಕೆ ಕೇಂದ್ರದ ವಿಜ್ಞಾನಿಗಳು ಅದನ್ನು ಗುರುತಿಸಿ ಸಸಿ ಮಾಡಿ ಹಂಚಲು ನೆರವಾದರು. ತಾಮ್ರಗೆಂಪಿನ ತೊಳೆ, ಸುಮಾರು ಎರಡೂವರೆ ಕಿಲೋ ತೂಗುವ ಹಣ್ಣು, ಒಂದು ಮನೆಯವರು ಒಂದು ಹೊತ್ತಿಗೆ ತಿಂದು ಮುಗಿಸಬಹುದು. ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಬರೆಯುವ ಲೈಕೋಪಿನ್ ಅದರಲ್ಲಿ ತುಂಬಿದೆ. ತೊಳೆ ತಿಂದ ಮೇಲೆ ಬೀಜ ಸಾರಿಗೆ ಬರುತ್ತದೆ. ಅಂಗನವಾಡಿಯ ಹಿತ್ತಲಲ್ಲಿ ಅಂಥದೊಂದು ಗಿಡ, ಒಂದು ನುಗ್ಗೆ, ಒಂದು ಪರಂಗಿ ನೆಟ್ಟರೆ ಊರಿನ ಮಣ್ಣಲ್ಲಿ ಬೆಳೆದದ್ದನ್ನು ಊರಿನ ಮಕ್ಕಳು ತಿನ್ನುತ್ತಾರೆ.

ಪ್ರತಿ ಸೆಪ್ಟೆಂಬರ್ ಪೋಷಣ ಮಾಸ. ಅಂಗನವಾಡಿಗಳಲ್ಲಿ ಕಾಳುಗಳಿಂದ ರಂಗೋಲಿ ಹಾಕುತ್ತಾರೆ, ಗರ್ಭಿಣಿಯರಿಗೆ ಸೀಮಂತ ಮಾಡಿ ಮಡಿಲು ತುಂಬುತ್ತಾರೆ, ಕೂಸುಗಳಿಗೆ ಅನ್ನಪ್ರಾಶನ. ಒಳ್ಳೆಯ ಕೆಲಸ. ಹೆಂಗಸಿಗೆ ಊರ ನಡುವೆ ಕೂತು ಉಣ್ಣುವ ಮರ್ಯಾದೆ ಅಲ್ಲಿ ಒಂದು ದಿನವಾದರೂ ಸಿಗುತ್ತದೆ. ಆ ಸೀಮಂತಕ್ಕೆ ಅತ್ತೆಯರನ್ನೂ ಹಟ್ಟಿಯ ಯಜಮಾನರನ್ನೂ ಪೂಜಾರಿಗಳನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಬೇಕು. ಸೂತಕದ ಕೀಲಿಕೈ ಇರುವುದು ಅವರ ಹತ್ತಿರ.

ಜನವರಿ 21ನ್ನು ರಾಜ್ಯ ಸರ್ಕಾರ ದಾಸೋಹ ದಿನವೆಂದು ಘೋಷಿಸಿದೆ. ಅಂದು ತುಮಕೂರಿನಲ್ಲಿ ಅನ್ನಸಂತರ್ಪಣೆಗಳಿಗೆ ಕೊರತೆಯಿಲ್ಲ. ನಡೆಸುವವರಲ್ಲಿ ನನ್ನ ಬೇಡಿಕೆ ಇಷ್ಟು: ಬೀದಿಯಲ್ಲಿ ಪೆಂಡಾಲ್ ಹಾಕಿ ಬಂದವರಿಗೆಲ್ಲ ಬಡಿಸುವುದರ ಜೊತೆಗೆ, ನಿಮ್ಮ ವಾರ್ಡಿನ, ನಿಮ್ಮ ಹಳ್ಳಿಯ, ನಿಮ್ಮ ಹಟ್ಟಿಯ ಬಾಣಂತಿಯರು ಎಷ್ಟು ಮಂದಿ ಎಂದು ಅಂಗನವಾಡಿ ಅಕ್ಕನನ್ನು ಕೇಳಿ ತಿಳಿದುಕೊಳ್ಳಿ. ಅವರ ಮನೆಬಾಗಿಲಿಗೆ ಬಿಸಿ ಹಿಟ್ಟು, ಸೊಪ್ಪಿನ ಸಾರು, ಒಪ್ಪುವ ಮನೆಗೆ ಎರಡು ಮೊಟ್ಟೆ ತೆಗೆದುಕೊಂಡು ಹೋಗಿ. ಮೊದಲು ಅವಳು ಉಣ್ಣಲಿ. ಹೋಗುವಾಗ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, 2019ರಲ್ಲಿ ಆ ದಿನ ಮಠದಲ್ಲಿ ಏನಾಯಿತೆಂದು ಅತ್ತೆ ಮಾವಂದಿರಿಗೆ ಅವರ ಬಾಯಲ್ಲಿ ಹೇಳಿಸಿ.